ಗೋಡೆಯ ಮೇಲೆ ಮುಂಬಯಿ: ಕೊಲಾಬಾದ ಕೆಫೆ ಮೊಂಡೆಗರ್

ದಕ್ಷಿಣ ಮುಂಬಯಿಯ ರೀಗಲ್ ಚಿತ್ರಮಂದಿರದ ವೃತ್ತವನ್ನು ದಾಟಿ ಕೊಲಾಬಾ ಕಾಸ್‌ವೇಗೆ ಕಾಲಿಟ್ಟ ಕೂಡಲೇ ಎದುರಾಗುವ ಕಟ್ಟಡಗಳಲ್ಲಿ ಮೆಟ್ರೋ ಹೌಸ್ ಒಂದು. ಅದರ ನೆಲಮಹಡಿಯಲ್ಲಿದೆ ಕೆಫೆ ಮೊಂಡೆಗರ್. ಸಂಜೆ ಕವಿಯುತ್ತಿದ್ದಂತೆ ಇಲ್ಲಿನ ಮೇಜುಗಳೆಲ್ಲ ತುಂಬಿ, ಬಾಗಿಲ ಬಳಿ ಸರದಿಗಾಗಿ ಕಾಯುವವರು ನಿಂತಿರುತ್ತಾರೆ. ಒಳಗೆ ಬಿಯರ್ ತುಂಬಿದ ದೊಡ್ಡ ಗಾಜಿನ ಮಗ್ಗುಗಳು, ತಟ್ಟೆಗಳ ಸದ್ದು, ಹಳೆಯ ಇಂಗ್ಲಿಷ್ ಹಾಡುಗಳು, ಹತ್ತಾರು ಭಾಷೆಗಳ ಮಾತು. ಇವೆಲ್ಲಕ್ಕೂ ಮಿಗಿಲಾಗಿ ಕಣ್ಣು ಸೆಳೆಯುವುದು ಗೋಡೆಗಳು. ಅಲ್ಲಿ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡಾ ರಚಿಸಿದ ಒಂದು ಇಡೀ ಜನಸಂದಣಿ, ಕೆಳಗೆ ಕುಳಿತ ಜನಸಂದಣಿಯನ್ನು ನೋಡಿ ನಗುತ್ತಿರುತ್ತದೆ.

ಮುಂಬಯಿಯಲ್ಲಿ ನೆಲೆನಿಂತ ಕನ್ನಡಿಗರಲ್ಲಿ ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋಗುವಾಗ ಈ ಬಾಗಿಲ ಮುಂದೆ ಹಾದುಹೋಗದವರು ವಿರಳ. ಆದರೆ 'ಬಾರ್' ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕುಟುಂಬಸ್ಥರು ಹೆಜ್ಜೆಯನ್ನು ತುಸು ಚುರುಕುಗೊಳಿಸುವುದು ನಮ್ಮಲ್ಲಿ ವಾಡಿಕೆ. ಮೊಂಡೆಗರ್‌ನ ಮಟ್ಟಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಮುಂಬಯಿ ಮಹಾನಗರವು ತನ್ನನ್ನು ತಾನೇ ಕಂಡು ನಕ್ಕ ಒಂದು ಅಪರೂಪದ ಚಿತ್ರ ಇಲ್ಲಿದೆ. ಅದನ್ನು ಕಿತ್ತು ವಸ್ತುಸಂಗ್ರಹಾಲಯಕ್ಕೆ ಒಯ್ಯುವಂತಿಲ್ಲ. ಕೆಫೆ ನಡೆಯುವವರೆಗೆ ಮಾತ್ರ ಅದು ನಮ್ಮ ಕಣ್ಣಿಗೆ ಲಭ್ಯ.

ಹೊಟೇಲಿನ ಪಡಸಾಲೆಯಲ್ಲಿ ಹುಟ್ಟಿದ ಕೆಫೆ

'ಹೊಟೇಲು' ಎಂಬ ಶಬ್ದಕ್ಕೆ ಕನ್ನಡದಲ್ಲಿ ಊಟ-ತಿಂಡಿಯ ಅಂಗಡಿ ಎಂಬ ಅರ್ಥವೇ ರೂಢಿಯಾಗಿದೆ. ವಸತಿಯ ಹೊಟೇಲಿಗೆ ನಾವು ಲಾಡ್ಜ್ ಎನ್ನುತ್ತೇವೆ. ಮೊಂಡೆಗರ್ ಎರಡಕ್ಕೂ ಸಂಬಂಧಪಟ್ಟದ್ದು. ಇರಾನಿನಿಂದ ಬಂದ ಜರತುಷ್ಟ್ರ ಮತಾನುಯಾಯಿಗಳು 1932ರಲ್ಲಿ ಇದನ್ನು ಆರಂಭಿಸಿದ್ದು ಅಪೋಲೋ ಎಂಬ ವಸತಿ ಹೊಟೇಲಿನ ಸ್ವಾಗತ ಪಡಸಾಲೆಯಲ್ಲಿ, ಒಂದು ಇರಾನಿ ಕೆಫೆಯಾಗಿ. ಹಡಗಿನಿಂದಿಳಿದು ಬಂದ ಪ್ರಯಾಣಿಕರೂ ಬಂದರಿನ ನೌಕರರೂ ಓಡಾಡುತ್ತಿದ್ದ ಪ್ರದೇಶವದು. ತಾಜ್ ಮಹಲ್ ಹೊಟೇಲು 1903ರಲ್ಲಿ ಬಾಗಿಲು ತೆರೆದಿತ್ತು. ಗೇಟ್‌ವೇ ಆಫ್ ಇಂಡಿಯಾ 1924ರಲ್ಲಿ ಪೂರ್ಣಗೊಂಡಿತ್ತು. ಕೆಫೆ ಆರಂಭವಾದ ಮರುವರ್ಷವೇ, ಅಂದರೆ 1933ರಲ್ಲಿ, ರೀಗಲ್ ಚಿತ್ರಮಂದಿರವೂ ತಲೆಯೆತ್ತಿತು. ಸಿನಿಮಾ ನೋಡುವ ಮುನ್ನ ಅಥವಾ ನೋಡಿದ ಬಳಿಕ ಚಹಾ ಕುಡಿಯುವುದಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇಕಿರಲಿಲ್ಲ.

ಫಾರ್ಸಿ ಭಾಷೆಯಲ್ಲಿ 'ಮಾಂದೆಗಾರ್' ಎಂದರೆ ಬಹುಕಾಲ ಉಳಿಯುವಂಥದ್ದು, ಬಾಳುವಂಥದ್ದು ಎಂದರ್ಥ. ಕೆಫೆಯ ಹೆಸರಿನಲ್ಲಿ ಕೇಳಿಸುವುದು ಅದೇ ಪದದ ದನಿ. ನಿತ್ಯದ ಗಿರಾಕಿಗಳ ನಾಲಗೆಯಲ್ಲಿ ಮಾತ್ರ ಅದು ಸವೆದು ಸವೆದು 'ಮೊಂಡೀಸ್' ಆಗಿದೆ.

ಇರಾನಿಗಳು ಮತ್ತು ಉಡುಪಿಯವರು

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಯಜ್ದ್, ಕೆರ್ಮಾನ್ ಮುಂತಾದ ಪ್ರಾಂತಗಳಿಂದ ಇರಾನಿಗಳು ಮುಂಬಯಿಗೆ ವಲಸೆ ಬಂದರು. ಶತಮಾನಗಳ ಹಿಂದೆಯೇ ಗುಜರಾತಿನ ಕರಾವಳಿಗೆ ಬಂದಿಳಿದಿದ್ದ ಪಾರ್ಸಿಗಳಿಗೂ ಇವರಿಗೂ ಮತ ಒಂದಾದರೂ ಬಂದ ಕಾಲ ಬೇರೆ. ಬೀದಿಯ ಮೂಲೆಯಲ್ಲಿನ ಅಂಗಡಿ ಅಶುಭವೆಂದು ಇತರ ವ್ಯಾಪಾರಿಗಳು ಹಿಂಜರಿದಾಗ ಆ ಜಾಗಗಳನ್ನೇ ಇರಾನಿಗಳು ಹಿಡಿದರೆಂಬುದು ನಗರದಲ್ಲಿ ಪ್ರಚಲಿತವಾಗಿರುವ ಮಾತು. ಎರಡು ಬೀದಿಗಳಿಗೆ ತೆರೆದ ಬಾಗಿಲು, ಅಮೃತಶಿಲೆಯ ಮೇಲ್ಮೈಯ ಮೇಜು, ಬಾಗಿಸಿದ ಮರದ ಕುರ್ಚಿ, ಗೋಡೆಗನ್ನಡಿ, ಗಲ್ಲೆಯ ಮೇಲೆ ಗಾಜಿನ ಭರಣಿಗಳು, ಬ್ರುನ್ ಮಸ್ಕಾ ಮತ್ತು ಚಹಾ, ಇವು ಇರಾನಿ ಕೆಫೆಯ ಲಕ್ಷಣಗಳು. 1904ರ ಕಯಾನಿ, 1914ರ ಬಿ. ಮೆರ್ವಾನ್, 1923ರ ಬ್ರಿಟಾನಿಯಾ ಈ ಪರಂಪರೆಯಲ್ಲಿ ಹೆಸರಾದವು. ಜಾತಿ ಕೇಳದೆ, ಕಸುಬು ಕೇಳದೆ, ಒಂದು ಕಪ್ ಚಹಾದ ಬೆಲೆಗೆ ಯಾರನ್ನಾದರೂ ಕೂರಿಸಿಕೊಂಡ ಮೊದಲ ಸಾರ್ವಜನಿಕ ಸ್ಥಳಗಳಲ್ಲಿ ಇವೂ ಸೇರಿವೆ.

ಇದೇ ಕಾಲಾವಧಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಿಂದ ಬಂದ ನಮ್ಮವರೂ ಮುಂಬಯಿಯ ಹೊಟೇಲು ಉದ್ಯಮದಲ್ಲಿ ಬೇರೂರತೊಡಗಿದ್ದರು. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆ ಇತಿಹಾಸದ ಒಂದು ಹೆಗ್ಗುರುತು. ಇರಾನಿಗಳೂ ಉಡುಪಿಯವರೂ ಹೊರಗಿನಿಂದ ಬಂದವರು, ಊರಿನ ಹಸಿವನ್ನು ನೆಚ್ಚಿ ಬದುಕು ಕಟ್ಟಿಕೊಂಡವರು. ಕಾಲಕ್ರಮೇಣ ಅದೆಷ್ಟೋ ಇರಾನಿ ಕೆಫೆಗಳ ಮಕ್ಕಳು ಬೇರೆ ಉದ್ಯೋಗಗಳನ್ನು ಹಿಡಿದಾಗ, ಆ ಜಾಗಗಳಲ್ಲಿ ಇಡ್ಲಿ-ದೋಸೆಯ ಹೊಟೇಲುಗಳು ಬಂದವು. ಒಂದು ಕಾಲಕ್ಕೆ ನೂರಾರು ಸಂಖ್ಯೆಯಲ್ಲಿದ್ದ ಇರಾನಿ ಕೆಫೆಗಳು ಇಂದು ಬೆರಳೆಣಿಕೆಗೆ ಇಳಿದಿವೆ. ಧೋಬಿ ತಲಾವಿನ ಬಸ್ತಾನಿಯಂಥ ಪ್ರಸಿದ್ಧ ಕೆಫೆಯೂ ಮುಚ್ಚಿತು. ಕವಿ ನಿಸಿಮ್ ಎಜೆಕಿಯಲ್ ಇರಾನಿ ಹೊಟೇಲಿನ ಸೂಚನಾಫಲಕಗಳನ್ನೇ ಕವಿತೆಯಾಗಿಸಿದ್ದು ಈಗ ಒಂದು ಕಾಲದ ದಾಖಲೆಯಂತೆ ಉಳಿದಿದೆ.

ಉಳಿದುಕೊಂಡ ಕೆಫೆಗಳಲ್ಲಿ ಎರಡು ಬಗೆ. ಕೆಲವು ಚಹಾ, ಬನ್ನು, ಬೆರ್ರಿ ಪುಲಾವುಗಳ ಹಳೆಯ ದಾರಿಯನ್ನು ಬಿಡಲಿಲ್ಲ. ಇನ್ನು ಕೆಲವು ಪರವಾನಗಿ ಪಡೆದು ಬಿಯರ್ ಮಾರತೊಡಗಿ, ಹಗಲಿನ ಉಪಾಹಾರ ಗೃಹದ ಜತೆಗೆ ಇರುಳಿನ ಕೂಟಸ್ಥಾನವೂ ಆದವು. ಕೊಲಾಬಾದ ಲಿಯೋಪೋಲ್ಡ್ ಮತ್ತು ಮೊಂಡೆಗರ್ ಈ ಎರಡನೆಯ ಬಗೆಯವು. ಬೆಳಗಿನ ಆಮ್ಲೆಟ್-ಟೋಸ್ಟಿನಿಂದ ಹಿಡಿದು ರಾತ್ರಿಯ ಕಾಂಟಿನೆಂಟಲ್, ಮೊಗಲಾಯಿ, ಚೀನೀ ಖಾದ್ಯಗಳವರೆಗೆ ಮೊಂಡೆಗರ್‌ನ ಪಟ್ಟಿ ಹಬ್ಬಿದೆ.

ಪರ್ಮಿಟ್‌ನ ನೆರಳು

ಮುಂಬಯಿಯ ಬಾರ್‌ಗಳನ್ನು ಅರಿಯಲು ಇಲ್ಲಿನ ಪಾನನಿರೋಧದ ಚರಿತ್ರೆಯನ್ನು ಸ್ವಲ್ಪವಾದರೂ ತಿಳಿದಿರಬೇಕು. 1949ರ ಮುಂಬಯಿ ಪಾನನಿರೋಧ ಕಾಯಿದೆಯ ಅನ್ವಯ 1950ರಿಂದ ಆಗಿನ ಮುಂಬಯಿ ರಾಜ್ಯದಲ್ಲಿ ಮದ್ಯಪಾನ ನಿಷಿದ್ಧವಾಯಿತು. ಮೊರಾರ್ಜಿ ದೇಸಾಯಿಯವರ ಹೆಸರು ಈ ನೀತಿಯೊಡನೆ ಹೆಣೆದುಕೊಂಡಿದೆ. ಆರೋಗ್ಯದ ಕಾರಣ ನೀಡಿ ಪರ್ಮಿಟ್ ಪಡೆದವರಿಗೆ ಮಾತ್ರ ಕುಡಿಯಲು ಅನುಮತಿ. ಉಳಿದವರು ಗೋವೆಯ ಕ್ರೈಸ್ತ ಮಹಿಳೆಯರು ಮನೆಗಳಲ್ಲೇ ಗುಟ್ಟಾಗಿ ನಡೆಸುತ್ತಿದ್ದ 'ಆಂಟಿ' ಅಡ್ಡೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. 1960ರ ದಶಕದಿಂದ ನಿರ್ಬಂಧಗಳು ಹಂತಹಂತವಾಗಿ ಸಡಿಲಗೊಂಡವು. ಆದರೂ ಕಾಯಿದೆ ಹೋಗಲಿಲ್ಲ. ಪರ್ಮಿಟ್ ಎಂಬ ಕಲ್ಪನೆಯೂ ಹೋಗಲಿಲ್ಲ. ನಮ್ಮ ಎಷ್ಟೋ ಹೊಟೇಲುಗಳ ನಾಮಫಲಕದ ಮೇಲೆ ಇಂದಿಗೂ ಕಾಣುವ 'ಪರ್ಮಿಟ್ ರೂಮ್' ಎಂಬ ಮಾತು ಆ ಕಾಲದ ಪಳೆಯುಳಿಕೆ. ಮಹಾರಾಷ್ಟ್ರದಲ್ಲಿ ಬಿಯರ್ ಕುಡಿಯಲು 21, ಕಟುಮದ್ಯಕ್ಕೆ 25 ವರ್ಷ ತುಂಬಿರಬೇಕೆಂಬ ನಿಯಮವನ್ನೂ ಕಿರಿಯರು ನೆನಪಿಡಬೇಕು.

ಪರ್ಮಿಟ್ ಕಾಲದ ಕುಡಿತವು ಕತ್ತಲೆಯ ಕುಡಿತವಾಗಿತ್ತು. ಮಂದ ದೀಪ, ಎಳೆದ ಪರದೆ, ಬೀದಿಗೆ ಮುಖ ತೋರದ ಬಾಗಿಲು, ಒಳಗೆ ಗಂಡಸರು ಮಾತ್ರ. ಕುಟುಂಬಸ್ಥರ ಸಂಕೋಚ ಹುಟ್ಟಿದ್ದೂ ಈ ವಾತಾವರಣದಿಂದಲೇ. ಇರಾನಿ ಕೆಫೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಬೀದಿ ಒಳಕ್ಕೂ ಕೆಫೆ ಹೊರಕ್ಕೂ ಕಾಣುತ್ತಿರಬೇಕು, ಪಕ್ಕದ ಮೇಜಿನಲ್ಲಿ ಹೆಂಗಸರೂ ಮುದುಕರೂ ವಿದ್ಯಾರ್ಥಿಗಳೂ ಕುಳಿತಿರಬೇಕು. ಮೊಂಡೆಗರ್ ಬಿಯರನ್ನು ತಂದರೂ ಬೆಳಕನ್ನು ಕಳೆದುಕೊಳ್ಳಲಿಲ್ಲ. ರಾತ್ರಿಯ ಮನರಂಜನೆಗೆ ಮುಚ್ಚುಮರೆ ಅನಿವಾರ್ಯವಲ್ಲ ಎಂಬುದಕ್ಕೆ ಅದು ಒಂದು ನಿದರ್ಶನ.

ಇಲ್ಲಿನ ಇನ್ನೊಂದು ಆಕರ್ಷಣೆ ಹಾಡಿನ ಪೆಟ್ಟಿಗೆ, ಅಂದರೆ ಜೂಕ್‌ಬಾಕ್ಸ್. ನಗರದ ಮೊದಮೊದಲ ಜೂಕ್‌ಬಾಕ್ಸ್‌ಗಳಲ್ಲಿ ಒಂದನ್ನು ಹೊಂದಿದ್ದುದಕ್ಕಾಗಿ ಮೊಂಡೆಗರ್ ಹೆಸರುವಾಸಿಯಾಯಿತು. ನಾಣ್ಯ ಹಾಕಿ ಬೇಕಾದ ಹಾಡನ್ನು ಆರಿಸಿದರೆ ಅದು ಇಡೀ ಕೆಫೆಗೆ ಕೇಳಿಸುತ್ತದೆ. ಒಬ್ಬರು ಹಣ ತೆತ್ತ ಹಾಡಿಗೆ ಎಲ್ಲರೂ ತಲೆದೂಗುವ ಈ ಏರ್ಪಾಟು, ಕಿವಿಗೆ ಕಿವಿಯಷ್ಟೇ ಗುಂಡಿಗಳನ್ನು ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಹಾಡು ಕೇಳುವ ಇಂದಿನ ಪೀಳಿಗೆಗೆ ವಿಚಿತ್ರವೆನಿಸಬಹುದು.

ಬೆಂಗಳೂರಿನಲ್ಲಿ ಓದಿದ ಗೋವೆಯ ಹುಡುಗ

ಮೊಂಡೆಗರ್‌ಗೆ ಇಂದಿನ ಮುಖವನ್ನು ಕೊಟ್ಟ ಮಾರಿಯೊ ಮಿರಾಂಡಾ 1926ರ ಮೇ 2ರಂದು ದಮನ್‌ನಲ್ಲಿ ಜನಿಸಿದರು. ಮನೆತನ ಗೋವೆಯ ಲೌಟೋಲಿಂ ಗ್ರಾಮದ್ದು. ಬಾಲ್ಯದಲ್ಲಿ ಅವರು ಮನೆಯ ಗೋಡೆಗಳ ಮೇಲೆಲ್ಲ ಚಿತ್ರ ಬರೆಯುತ್ತಿದ್ದರಂತೆ. ಗೋಡೆಗಳನ್ನು ಉಳಿಸಿಕೊಳ್ಳಲು ತಾಯಿ ಒಂದು ಖಾಲಿ ಪುಸ್ತಕ ತಂದುಕೊಟ್ಟರು. ಅಂದಿನಿಂದ ಅವರ ಸಚಿತ್ರ ದಿನಚರಿಯ ಅಭ್ಯಾಸ ಆರಂಭವಾಯಿತು. ಊರಿನ ಮದುವೆ, ಹಬ್ಬ, ಪಾದ್ರಿಗಳು, ಕುಡುಕರು, ನಾಯಿಗಳು ಎಲ್ಲರೂ ಅದರಲ್ಲಿ ಸೇರಿದರು.

ಕನ್ನಡಿಗರಿಗೆ ವಿಶೇಷವಾಗಿ ತಿಳಿದಿರಬೇಕಾದ ಸಂಗತಿಯೆಂದರೆ ಮಾರಿಯೊ ಅವರ ಶಾಲಾ ವಿದ್ಯಾಭ್ಯಾಸ ನಡೆದದ್ದು ಬೆಂಗಳೂರಿನ ಸೇಂಟ್ ಜೋಸೆಫ್ ಶಾಲೆಯಲ್ಲಿ. ಬಳಿಕ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸವನ್ನು ಅಭ್ಯಸಿಸಿದರು. ಚಿತ್ರಕಲೆಯಲ್ಲಿ ಅವರಿಗೆ ವಿಧಿವತ್ತಾದ ಶಿಕ್ಷಣವಿರಲಿಲ್ಲ. ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲವು ವರ್ಷ ದುಡಿದು, 'ಕರೆಂಟ್' ಪತ್ರಿಕೆಯ ಮೂಲಕ ವ್ಯಂಗ್ಯಚಿತ್ರ ಕ್ಷೇತ್ರಕ್ಕೆ ಬಂದು, ಟೈಮ್ಸ್ ಆಫ್ ಇಂಡಿಯಾ ಬಳಗದ ಪತ್ರಿಕೆಗಳಲ್ಲಿ ಮನೆಮಾತಾದರು. ಗುಲ್ಬೆಂಕಿಯನ್ ಪ್ರತಿಷ್ಠಾನದ ವಿದ್ಯಾರ್ಥಿವೇತನದ ಮೇಲೆ ಪೋರ್ಚುಗಲ್‌ಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ತೆರಳಿ ಕೆಲವು ವರ್ಷ ದುಡಿದು ಮುಂಬಯಿಗೆ ಹಿಂದಿರುಗಿದರು. ಚಿತ್ರತಾರೆ ಮಿಸ್ ನಿಂಬುಪಾನಿ, ಕಚೇರಿಯ ಕಾರ್ಯದರ್ಶಿ ಮಿಸ್ ಫೊನ್ಸೆಕಾ, ರಾಜಕಾರಣಿ ಬಂಡಲ್‌ದಾಸ್ ಅವರು ಸೃಷ್ಟಿಸಿದ ಜನಪ್ರಿಯ ಪಾತ್ರಗಳು.

ಅದೇ ಟೈಮ್ಸ್ ಬಳಗದಲ್ಲಿ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕೂಡ ಇದ್ದರು. 'ಕೊರವಂಜಿ'ಯ ಪುಟಗಳಲ್ಲಿ ಚಿತ್ರ ಬರೆದು ಮುಂಬಯಿಗೆ ಬಂದವರು ಅವರು. ಇಬ್ಬರ ನೋಟವೂ ಬೇರೆ ಬೇರೆ. ಲಕ್ಷ್ಮಣರ ಕುಂಚ ಅಧಿಕಾರಸ್ಥರನ್ನು ಹಿಂಬಾಲಿಸಿತು. ಅವರ ಶ್ರೀಸಾಮಾನ್ಯ ಒಂದು ಮಾತೂ ಆಡದೆ ಎಲ್ಲವನ್ನೂ ಕಂಡ. ಮಾರಿಯೊ ಅವರಿಗೆ ರಾಜಕೀಯದಲ್ಲಿ ಅಷ್ಟು ಆಸಕ್ತಿಯಿರಲಿಲ್ಲ. ಜನರು ಗುಂಪುಗೂಡಿದಾಗ ಏನಾಗುತ್ತದೆ ಎಂಬ ಕುತೂಹಲವೇ ಅವರ ಬಂಡವಾಳ. ಬಸ್ಸಿನ ಸಾಲು, ಮೀನು ಮಾರುಕಟ್ಟೆ, ಮದುವೆಮನೆ, ಹೋಟೆಲು, ಎಲ್ಲಿ ಹತ್ತು ಜನ ಸೇರುತ್ತಾರೋ ಅಲ್ಲಿ ಅವರ ಲೇಖನಿಗೆ ಕೆಲಸ. ಅಂಥವರ ಕೈಗೆ ಕೆಫೆಯ ಗೋಡೆ ಸಿಕ್ಕಿದ್ದು ಯೋಗ್ಯವೇ ಆಯಿತು.

ಎದುರುಬದುರಾದ ಎರಡು ಗೋಡೆಗಳು

ಮಾರಿಯೊ ಅವರು ಬಹುಕಾಲ ಕೊಲಾಬಾ ನಿವಾಸಿಯಾಗಿದ್ದವರು. ಈ ಕೆಫೆಗಾಗಿ ಅವರು ಚಿತ್ರ ರಚಿಸಿದ್ದು 1990ರ ದಶಕದ ಆರಂಭದಲ್ಲಿ, ಗೋವೆಗೆ ಮರಳಿ ನೆಲೆಸುವ ಕೆಲವು ವರ್ಷಗಳ ಮೊದಲು. ಎದುರುಬದುರಾದ ಎರಡು ಗೋಡೆಗಳಲ್ಲಿ ಒಂದು ಕೆಫೆಯೊಳಗಿನ ಜೀವನವನ್ನು ತೋರಿಸಿದರೆ, ಇನ್ನೊಂದು ಹೊರಗಿನ ಮುಂಬಯಿಗೆ ಸಲ್ಲಿಸಿದ ವಂದನೆಯಂತಿದೆ. ಒಂದು ಗೋಡೆಗೆ ಬೆನ್ನು ಮಾಡಿ ಕುಳಿತವನಿಗೆ ನಗರ ಕಾಣುತ್ತದೆ. ಎದುರಿಗೆ ಕುಳಿತವನಿಗೆ ಕೆಫೆ ಕಾಣುತ್ತದೆ. ಇಬ್ಬರ ನಡುವೆ ನಿಜವಾದ ಕೆಫೆ ಗದ್ದಲವೆಬ್ಬಿಸುತ್ತಿರುತ್ತದೆ.

ಮಾರಿಯೊ ಅವರ ಚಿತ್ರಗಳನ್ನು ಒಮ್ಮೆಗೇ ನೋಡಿ ಮುಗಿಸಲಾಗದು. ಉಬ್ಬಿದ ಕಣ್ಣುಗಳು, ಚೂಪು ಮೂಗುಗಳು, ಚುಕ್ಕಿ ಚುಕ್ಕಿಯ ಉಡುಪುಗಳು, ಗೆರೆಯ ಒಳಗೆ ಗೆರೆ ತುಂಬಿದ ಹಿನ್ನೆಲೆ. ಮೊದಲ ನೋಟಕ್ಕೆ ಬರಿಯ ಜಂಗುಳಿ. ನಿಧಾನವಾಗಿ ನೋಡುತ್ತ ಹೋದಂತೆ ಪ್ರತಿಯೊಬ್ಬನಿಗೂ ಒಂದು ಕಥೆಯಿರುವುದು ತಿಳಿಯುತ್ತದೆ. ಒಬ್ಬನ ಗಮನ ಪಕ್ಕದ ಮೇಜಿನ ಮೇಲೆ, ಇನ್ನೊಬ್ಬಳ ಬೇಸರ ಎದುರಿನವನ ಮೇಲೆ. ಯಾರನ್ನೂ ಅವಮಾನಿಸದೆ ಎಲ್ಲರನ್ನೂ ಗೇಲಿ ಮಾಡುವ ಈ ಬಗೆ ಮಾರಿಯೊ ಅವರಿಗೆ ಸಿದ್ಧಿಸಿತ್ತು. ಬಿಯರ್ ಬರುವುದು ತಡವಾದರೂ ಇಲ್ಲಿನ ಗಿರಾಕಿ ಸಿಡುಕದಿರುವುದಕ್ಕೆ ಗೋಡೆಯೇ ಕಾರಣವಿರಬಹುದು.

ಇದರಲ್ಲಿ ವಲಸಿಗರಿಗೆ ಹತ್ತಿರವಾದ ಒಂದು ಅಂಶವೂ ಇದೆ. ಮಾರಿಯೊ ಮುಂಬಯಿಯಲ್ಲಿ ಹುಟ್ಟಿದವರಲ್ಲ. ಕೆಫೆ ಕಟ್ಟಿದ ಇರಾನಿಗಳೂ ಹೊರಗಿನವರೇ. ಇದೇ ಫೋರ್ಟ್-ಕೊಲಾಬಾ ಪರಿಸರದ ಹೊಟೇಲು, ಕ್ಯಾಂಟೀನುಗಳಲ್ಲಿ ಹಗಲೆಲ್ಲ ಮೇಜು ಒರೆಸಿ ಸಂಜೆ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದ ನಮ್ಮ ಊರಿನ ಹುಡುಗರೂ ಹೊರಗಿನವರೇ. ಅವರಿಗೆ ರಾತ್ರಿ ಎಂದರೆ ಲಾಟೀನು, ಪುಸ್ತಕ ಮತ್ತು ತೂಕಡಿಕೆ; ಹೊರಗೆ ಹೋಗಿ ವಿನೋದಪಡುವ ರಾತ್ರಿ ಅವರ ಪಾಲಿಗೆ ಬರಲಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಗೆಳೆಯರೊಡನೆ ಈ ಮೇಜುಗಳಲ್ಲಿ ನಿಶ್ಚಿಂತೆಯಿಂದ ಕುಳಿತಿರುವುದನ್ನು ಕಂಡಾಗ, ಗೋಡೆಯ ಮೇಲಿನ ಜಂಗುಳಿಯಲ್ಲಿ ಆ ಹಳೆಯ ಮುಖಗಳನ್ನೂ ಹುಡುಕಬೇಕೆನಿಸಿದರೆ ಅಚ್ಚರಿಯಿಲ್ಲ.

ಒಯ್ಯಬಹುದಾದ ಚಿತ್ರ, ಒಯ್ಯಲಾಗದ ಗೋಡೆ

ಹೊಟೇಲಿನ ಪಾನಗೃಹಕ್ಕೆ ವಿನೋದದ ಭಿತ್ತಿಚಿತ್ರ ಬರೆಸುವ ಪದ್ಧತಿ ಬೇರೆ ನಗರಗಳಲ್ಲೂ ಉಂಟು. ನ್ಯೂಯಾರ್ಕಿನ ನಿಕರ್‌ಬಾಕರ್ ಹೊಟೇಲಿಗಾಗಿ ಮ್ಯಾಕ್ಸ್‌ಫೀಲ್ಡ್ ಪ್ಯಾರಿಶ್ ಎಂಬ ಕಲಾವಿದ 1906ರಲ್ಲಿ ಮಕ್ಕಳ ಪದ್ಯದ ಕೋಲ್ ರಾಜನನ್ನು ಸುಮಾರು 30 ಅಡಿ ಉದ್ದಕ್ಕೆ ಚಿತ್ರಿಸಿದ. ಅಮೆರಿಕದಲ್ಲಿ ಪಾನನಿರೋಧ ಬಂದು ಆ ಪಾನಗೃಹ ಮುಚ್ಚಿತು. ಚಿತ್ರ ಕ್ಯಾನ್ವಾಸಿನ ಮೇಲಿದ್ದುದರಿಂದ ಬಚಾವಾಯಿತು. 1930ರ ದಶಕದಲ್ಲಿ ಅದು ಸೇಂಟ್ ರೀಜಿಸ್ ಹೊಟೇಲಿನ ಬಾರಿಗೆ ಬಂದು ನೆಲೆಸಿತು. ಅದೇ ನಗರದ ಕಾರ್ಲೈಲ್ ಹೊಟೇಲಿನ ಬಾರಿನಲ್ಲಿ 'ಮ್ಯಾಡೆಲಿನ್' ಮಕ್ಕಳ ಪುಸ್ತಕಗಳ ಕರ್ತೃ ಲುಡ್ವಿಗ್ ಬೆಮೆಲ್ಮನ್ಸ್ 1947ರಲ್ಲಿ ಉದ್ಯಾನವನದ ಚಿತ್ರ ಬರೆದ. ಅದರಲ್ಲಿ ಮೊಲಗಳು ಮನುಷ್ಯರಂತೆ ವನಭೋಜನಕ್ಕೆ ಕುಳಿತಿವೆ. ಅವನು ಎಳವೆಯಲ್ಲಿ ಹೊಟೇಲು ನೌಕರನಾಗಿದ್ದವನು. ಚಿತ್ರಕ್ಕೆ ಸಂಭಾವನೆಯಾಗಿ ಪಡೆದದ್ದು ಹಣವನ್ನಲ್ಲ, ಕುಟುಂಬದೊಡನೆ ಒಂದೂವರೆ ವರ್ಷ ಅಲ್ಲಿ ತಂಗುವ ಸೌಕರ್ಯವನ್ನು. ಅವನ ಹೆಸರನ್ನೇ ಹೊತ್ತ ಆ ಬಾರು ಇಂದಿಗೂ ನಡೆಯುತ್ತಿದೆ, ಚಿತ್ರವೂ ಇದೆ.

ಈ ಎರಡು ಉದಾಹರಣೆಗಳು ಒಂದು ಪಾಠ ಹೇಳುತ್ತವೆ. ಕ್ಯಾನ್ವಾಸಿನ ಚಿತ್ರಕ್ಕೆ ಮನೆ ಬದಲಿಸುವ ಭಾಗ್ಯವಿದೆ. ಗೋಡೆಯ ಚಿತ್ರಕ್ಕೆ ಗೋಡೆಯೇ ಗತಿ. ಮೊಂಡೆಗರ್‌ನ ಚಿತ್ರಗಳು ಎರಡನೆಯ ಜಾತಿಗೆ ಸೇರಿದವು.

ಬೆಂಕಿ, ಗುಂಡು ಮತ್ತು ಬಾಳಿಕೆ

ಈ ಬೀದಿ ನೆಮ್ಮದಿಯಿಂದಲೇ ಇದ್ದುದಲ್ಲ. 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ತಾಜ್ ಹೊಟೇಲಿಗೂ ಇದೇ ಕಾಸ್‌ವೇಯಲ್ಲಿರುವ ಲಿಯೋಪೋಲ್ಡ್ ಕೆಫೆಗೂ ನುಗ್ಗಿದರು. ಊಟಕ್ಕೆ ಕುಳಿತವರು, ಬಡಿಸುತ್ತಿದ್ದವರು ಪ್ರಾಣ ಕಳೆದುಕೊಂಡರು. ಕೆಲವೇ ದಿನಗಳಲ್ಲಿ ಲಿಯೋಪೋಲ್ಡ್ ಮತ್ತೆ ತೆರೆಯಿತು. ಗುಂಡಿನ ಗುರುತುಗಳನ್ನು ಅಲ್ಲಿ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಹೀಗೆ ಒಂದೇ ರಸ್ತೆಯಲ್ಲಿ ಎರಡು ಬಗೆಯ ಗೋಡೆಗಳು. ಒಂದರಲ್ಲಿ ಗುಂಡಿನ ಕುಳಿ, ಇನ್ನೊಂದರಲ್ಲಿ ನಗೆಯ ಗೆರೆ. ಮುಂಬಯಿಯ ರಾತ್ರಿಯ ಬದುಕು ಎರಡನ್ನೂ ಕಂಡಿದೆ.

ಮಾರಿಯೊ ಅವರು 2011ರ ಡಿಸೆಂಬರ್ 11ರಂದು ಲೌಟೋಲಿಂನಲ್ಲಿ ನಿಧನರಾದರು. ಪದ್ಮಶ್ರೀ, ಪದ್ಮಭೂಷಣಗಳನ್ನು ಮೊದಲೇ ಪಡೆದಿದ್ದ ಅವರಿಗೆ 2012ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ದೊರೆಯಿತು. 2016ರ ಮೇ 2ರಂದು, ಅವರ 90ನೆಯ ಜನ್ಮದಿನದಂದು, ಗೂಗಲ್ ತನ್ನ ಮುಖಪುಟದಲ್ಲಿ ಅವರ ಶೈಲಿಯ ಮುಂಬಯಿ ಚಿತ್ರವನ್ನು ಪ್ರಕಟಿಸಿ ಗೌರವಿಸಿತು. ವಿಪರ್ಯಾಸವೆಂಬಂತೆ, ಮರುತಿಂಗಳೇ ಮೆಟ್ರೋ ಹೌಸ್ ಕಟ್ಟಡಕ್ಕೆ ಬೆಂಕಿ ಬಿದ್ದು ಮೇಲಂತಸ್ತುಗಳಿಗೆ ತೀವ್ರ ಹಾನಿಯಾಯಿತು. ಜಗತ್ತು ಕಲಾವಿದನನ್ನು ಸ್ಮರಿಸಿ ಸಂಭ್ರಮಿಸುತ್ತಿದ್ದ ಹೊತ್ತಿನಲ್ಲೇ ಅವನ ಗೋಡೆಗಳು ಹೊಗೆಯ ಕೆಳಗೆ ನಿಂತಿದ್ದವು. ಕೆಫೆ ಚೇತರಿಸಿಕೊಂಡು ಮತ್ತೆ ಬಾಗಿಲು ತೆರೆಯಿತು. ಆದರೆ ಹಳೆಯ ಕಟ್ಟಡ, ಏರುವ ಬಾಡಿಗೆ, ಮುಂದಿನ ತಲೆಮಾರಿನ ಒಲವು, ಇವು ಇರಾನಿ ಕೆಫೆಗಳನ್ನು ಕಾಡಿದ ಹಳೆಯ ಪ್ರಶ್ನೆಗಳು. ಉಡುಪಿ ಹೊಟೇಲುಗಳ ಮಾಲೀಕರಿಗೂ ಇವು ಅಪರಿಚಿತವಲ್ಲ.

ಹೋಗುವವರಿಗೆ ಒಂದೆರಡು ಮಾತು

ಗೋಡೆಗಳನ್ನು ಸಾವಧಾನವಾಗಿ ನೋಡಬೇಕೆನ್ನುವವರು, ಮಕ್ಕಳನ್ನು ಕರೆತರುವವರು ಬೆಳಗಿನ ಉಪಾಹಾರದ ಹೊತ್ತಿಗೋ ಮಧ್ಯಾಹ್ನದ ಬಳಿಕವೋ ಹೋಗುವುದು ಲೇಸು. ಗದ್ದಲವೇ ಬೇಕೆನ್ನುವ ತರುಣರಿಗೆ ವಾರಾಂತ್ಯದ ರಾತ್ರಿ ಸೂಕ್ತ. ಮೇಜುಗಳು ಒತ್ತೊತ್ತಾಗಿವೆ, ಪಕ್ಕದವರ ಮಾತು ಕಿವಿಗೆ ಬೀಳುವುದೂ ನಮ್ಮ ಮಾತು ಅವರ ಕಿವಿಗೆ ಬೀಳುವುದೂ ಸಹಜ. ಬಿಯರ್ ಮುಟ್ಟದವರಿಗೂ ಇಲ್ಲಿ ಸ್ಥಳವುಂಟು. ಉಪನಗರಗಳಿಗೆ ಮರಳುವವರು ಕೊನೆಯ ಲೋಕಲ್ ರೈಲಿನ ಕಡೆ ಒಂದು ಕಣ್ಣಿಟ್ಟಿರಬೇಕು; ಕುಡಿದವರು ವಾಹನದ ಚಕ್ರ ಹಿಡಿಯಬಾರದೆಂಬುದನ್ನು ಬೇರೆ ಹೇಳಬೇಕಿಲ್ಲ.

ತೊಂಬತ್ತು ವರ್ಷಗಳನ್ನು ದಾಟಿದ ಈ ಕೆಫೆ ಹೆಸರಿಗೆ ತಕ್ಕಂತೆ ಬಾಳಿದೆ. ಅದನ್ನು ಬಾಳಿಸಿರುವುದು ದಿನವೂ ಬಂದು ಕುರ್ಚಿ ಎಳೆದು ಕೂರುವ ಜನ. ಚಿತ್ರದ ಜಂಗುಳಿಗೆ ಎದುರಾಗಿ ಜೀವಂತ ಜಂಗುಳಿ ಇರುವವರೆಗೆ ಗೋಡೆಗೆ ಭಯವಿಲ್ಲ. ಮುಂದಿನ ಸಲ ಊರಿನಿಂದ ಬಂದ ನೆಂಟರಿಗೆ ಗೇಟ್‌ವೇ ತೋರಿಸಿ ಹಿಂದಿರುಗುವಾಗ, ರೀಗಲ್ ಕಡೆಗೆ ತಿರುಗುವ ಮುನ್ನ ಅರ್ಧ ಗಂಟೆ ಈ ಬಾಗಿಲೊಳಗೆ ಕಳೆಯಬಹುದು. ಮುಂಬಯಿಯನ್ನು ತೋರಿಸಿದೆವು ಎಂಬ ಮಾತು ಆಗ ಪೂರ್ತಿಯಾದೀತು.